ಮೋಟನ ಪಾಲಿನ ತುತ್ತು

ಇವತ್ತು ಭಾನುವಾರ, ಒಲೆಯ ಮೇಲೆ ಹಂದಿ ಸಾರು ಕುದಿಯುತ್ತಿದೆ. ಕೊನೆಗೆ ಬಿಡಬೇಕಲ್ಲ, ನಮ್ಮ ಕೊಡಗಿನವರ ಆ ಕಪ್ಪು ಹುಳಿ, ಕಾಚಂಪುಳಿ, ಅದರ ಸೀಸೆ ಮೇಲಿನ ಹಲಗೆಯ ಮೂಲೆಯಲ್ಲಿರುತ್ತದೆ. ಕೈ ಚಾಚಿ ಎಳೆದರೆ ಸೀಸೆಯ ಹಿಂದಿನಿಂದ ಒಂದು ನೋಟ್‌ಬುಕ್ಕೂ ಜಾರಿ ನನ್ನ ತಲೆಯ ಮೇಲೇ ಬಿತ್ತು. ನೂರು ಪುಟದ, ನೀಲಿ ರಟ್ಟಿನ, ಎಣ್ಣೆ ಕೈ ತಾಗಿದ ನೋಟ್‌ಬುಕ್ಕು. ಅದನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ಎರಡು ವರ್ಷ ಆಯಿತು.

ತೆರೆದರೆ ಮೊದಲ ಪುಟದಲ್ಲಿ ನನ್ನದೇ ದುಂಡು ಅಕ್ಷರ: "ಬೆಳಗ್ಗೆ: ಗಟ್ಟಿ. ಬಣ್ಣ ಸರಿ. ಸಂಜೆ: ಸ್ವಲ್ಪ ಮೆತ್ತಗೆ." ನೀವು ಊಟದ ಮುಂದೆ ಕೂತು ಇದನ್ನು ಓದುತ್ತಿದ್ದರೆ ಕ್ಷಮಿಸಿ. ಇದು ನಮ್ಮ ನಾಯಿ ಮೋಟನ ಹೊಟ್ಟೆಯ ದಿನಚರಿ. ಮಕ್ಕಳು ಹುಟ್ಟಿದಾಗಲೂ ನಾನು ಇಷ್ಟು ಶ್ರದ್ಧೆಯಿಂದ ಏನನ್ನೂ ಬರೆದಿಟ್ಟವಳಲ್ಲ.

ಮೋಟ ಜಾತಿ ನಾಯಿಯೇನಲ್ಲ. ಮಾದಾಪುರದ ಸಂತೆಯಿಂದ ನಮ್ಮ ಮನೆಯವರ ಜೀಪಿನ ಹಿಂದೆಯೇ ಓಡಿಬಂದ ಕೆಂಚು ಬಣ್ಣದ ಮರಿ. ಬಾಲ ಅರ್ಧವೇ ಇತ್ತು, ಅದಕ್ಕೇ ಆ ಹೆಸರು. ಬಂದ ದಿನವೇ ನಮ್ಮ ಅತ್ತೆಯ ಕಾಲ ಬಳಿ ಮಲಗಿದ, ಅಲ್ಲಿಗೆ ಅವನ ಜಾಗ ಗಟ್ಟಿಯಾಯಿತು. ನಮ್ಮ ಅತ್ತೆಗೊಂದು ಪದ್ಧತಿ. ತವರಿನಿಂದ ತಂದದ್ದು. ತಟ್ಟೆ ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತರೆ ಮೊದಲ ತುತ್ತು ನಾಯಿಗೆ, ಎರಡನೆಯದು ತಮಗೆ. ಅವರ ತವರಿನಲ್ಲಿ ನಾಯಿಗಳು ಇಡೀ ದಿನ ಗದ್ದೆ ಕಾಯುತ್ತಿದ್ದವಂತೆ. "ಕಾಯೋ ಬಾಯಿಗೆ ಹಾಕ್ದೆ ನಾನ್ ಹೆಂಗೆ ಉಣ್ಣದು?" ಎನ್ನುವರು. ಇಡ್ಲಿಯಾದರೆ ಇಡ್ಲಿ, ಹಂದಿಯಾದರೆ ಹಂದಿ. ಮೋಟ ಬಾಯಿ ತೆರೆದರೆ ತುತ್ತು ನೇರ ಒಳಗೆ, ನೆಲ ಮುಟ್ಟುತ್ತಿರಲಿಲ್ಲ.

ಮೂರು ವರ್ಷ ತುಂಬುವ ಹೊತ್ತಿಗೆ ಅವನ ಹೊಟ್ಟೆ ಕೆಡಲು ಶುರುವಾಯಿತು. ವಾರಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ. ವಾಂತಿ, ಭೇದಿ, ಕಿವಿಯ ಒಳಗೆ ಕೆಂಪು, ಪಂಜ ನೆಕ್ಕಿ ನೆಕ್ಕಿ ಹುಣ್ಣು. ನಾನು ಮನೆಮದ್ದಿನವಳು. ಹೊಟ್ಟೆ ಕೆಟ್ಟಿತೋ, ಮೊಸರನ್ನ. ಮನುಷ್ಯರಾಗಲಿ ನಾಯಿಯಾಗಲಿ ನನ್ನ ಹತ್ತಿರ ಇದ್ದದ್ದು ಅದೊಂದೇ ಚಿಕಿತ್ಸೆ. ಮೋಟ ಮೊಸರನ್ನ ಚಪ್ಪರಿಸಿ ತಿನ್ನುತ್ತಿದ್ದ, ಎರಡು ದಿನ ಬಿಟ್ಟು ಮತ್ತೆ ಮಲಗುತ್ತಿದ್ದ. ಪಕ್ಕೆಲುಬು ಎಣಿಸುವ ಹಾಗಾದ. ಜೀಪು ಬಂದರೂ ಎದ್ದು ಗೇಟಿಗೆ ಹೋಗುತ್ತಿರಲಿಲ್ಲ. ನಮ್ಮ ಮನೆಯವರು ಒಂದು ದಿನ ಮೆಲ್ಲಗೆ, "ಇದು ಈ ಚಳಿಗಾಲ ದಾಟುತ್ತೋ ಇಲ್ವೋ" ಅಂದರು. ನನಗೆ ರೇಗಿಹೋಯಿತು. ದಾಟದೆ ಏನು? ನಾನಿಲ್ಲವಾ? ಅವತ್ತೇ ಅವನನ್ನು ಜೀಪಿಗೆ ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ಹುಡುಗಿ, ನನ್ನ ಮಗಳ ವಯಸ್ಸು. ಆದರೆ ಮಾತು ಕಟ್ಟುನಿಟ್ಟು. ಮೊದಲು ಜಂತುಹುಳು ಇದೆಯಾ ಎಂದು ಪರೀಕ್ಷೆ ಮಾಡಿದಳು, ರಕ್ತ ನೋಡಿದಳು. ಅದೆಲ್ಲ ಸರಿಯಾಗಿತ್ತು. "ಆಂಟಿ, ಇವನಿಗೆ ಯಾವುದೋ ಒಂದು ಊಟ ಆಗ್ತಾ ಇಲ್ಲ. ಯಾವುದು ಅಂತ ರಕ್ತ ನೋಡಿ ಹೇಳೋಕಾಗಲ್ಲ, ನಾವೇ ಹುಡುಕಬೇಕು. ಅವನು ಹುಟ್ಟಿದಾಗಿಂದ ತಿನ್ನದೇ ಇರೋ ಒಂದು ಮಾಂಸ, ಒಂದು ಕಾಳೋ ಗೆಡ್ಡೆಯೋ ಹೇಳಿ. ಎಂಟು ವಾರ ಅದೆರಡೇ. ಬೇರೆ ಒಂದು ಅಗುಳೂ ಬಾಯಿಗೆ ಹೋಗಬಾರದು. ಹೊಟ್ಟೆ ನೆಟ್ಟಗಾದ ಮೇಲೆ ಒಂದೊಂದೇ ಹಳೇದು ಕೊಟ್ಟು ನೋಡೋಣ."

"ಹಂದಿ?" ಎಂದಳು. ತಿಂದಿದ್ದಾನೆ. "ಕೋಳಿ? ಕುರಿ? ಮೊಟ್ಟೆ?" ತಿಂದಿದ್ದಾನೆ, ತಿಂದಿದ್ದಾನೆ, ಕದ್ದೂ ತಿಂದಿದ್ದಾನೆ. ಆ ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಕೊನೆಗೆ ಹೊಳೆದದ್ದು ಮೀನು. ನಮ್ಮ ಮನೆಯವರಿಗೆ ಮೀನಿನ ವಾಸನೆ ಆಗದು, ಹಾಗಾಗಿ ಮದುವೆಯಾಗಿ ಬಂದಾಗಿನಿಂದ ನಮ್ಮ ಒಲೆ ಮೀನು ಕಂಡಿಲ್ಲ. ಜೊತೆಗೆ ಗೆಣಸು. ನಾವು ಹಾಕಿದ ಗೆಣಸನ್ನು ಕಾಡುಹಂದಿಗಳು ನಮಗೇ ಬಿಡುವುದಿಲ್ಲ, ಇನ್ನು ನಾಯಿಗೆಲ್ಲಿ ಸಿಗಬೇಕು? ಸರಿ, ಮೀನು ಮತ್ತು ಗೆಣಸು, ಉಪ್ಪಿಲ್ಲ, ಖಾರವಿಲ್ಲ, ಮುಳ್ಳಿಲ್ಲ. ಹೊರಡುವಾಗ ಅವಳು ಹೇಳಿದ ಕೊನೆಯ ಮಾತು: "ಬಾಯಿಗೆ ಹೋದದ್ದೆಲ್ಲ ಬರೀರಿ ಆಂಟಿ. ಹಿಂದಿನಿಂದ ಬಂದದ್ದನ್ನೂ." ಹಾಗೆ ಹುಟ್ಟಿದ್ದು ಈ ನೋಟ್‌ಬುಕ್ಕು.

ಮನೆಯ ಹಿತ್ತಲಲ್ಲಿ ಒಂದು ಬೇರೆ ಒಲೆ ಹೂಡಿದೆ. ಬೈಕಿನಲ್ಲಿ ಹಾರನ್ ಹೊಡೆದುಕೊಂಡು ಹೋಗುವ ಮೀನಿನವನನ್ನು ಈವರೆಗೆ ತಿರುಗಿಯೂ ನೋಡದವಳು ಈಗ ಗೇಟಿನಲ್ಲಿ ನಿಂತು ಕಾಯತೊಡಗಿದೆ. ನಮ್ಮ ಮನೆಯವರು ಮೂಗು ಮುಚ್ಚಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಬೆಳಗ್ಗೆ ಎದ್ದರೆ ನಾನು ಮೋಟನ ಹಿಂದೆ ಕಾಫಿ ಗಿಡಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ನೋಡುತ್ತಾ ನಡೆಯುತ್ತಿದ್ದೆ. ಕಾಫಿ ಪಿಕ್ಕಿಂಗ್ ಶುರುವಾಗಿತ್ತು. ಕೆಲಸದವರ ಲೈನ್‌ಮನೆಯ ಪಳನಿಯಮ್ಮ ಹಣ್ಣು ಕುಯ್ಯುವುದು ಬಿಟ್ಟು ತಾನೂ ಬಗ್ಗಿ ಹುಡುಕತೊಡಗಿದಳು. "ಏನಮ್ಮಾ, ಓಲೆ ಬಿದ್ದೋಯ್ತಾ?" ನಾನು ಹುಡುಕುತ್ತಿರುವುದೇನೆಂದು ಹೇಳಿದ ಮೇಲೆ ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಬುತ್ತಿ ಬಿಚ್ಚುವ ಹೊತ್ತಿಗೆ ಕೆಲಸದವರ ನಡುವೆ ಹೋಗಿ ಕೂರುವುದು ಮೋಟನ ಹಳೆಯ ಅಭ್ಯಾಸ. ಅದಕ್ಕೂ ಉಪಾಯ ಮಾಡಿದೆ. ಒಂದು ರಟ್ಟಿನ ಮೇಲೆ "ನನಗೆ ಏನೂ ಕೊಡಬೇಡಿ" ಎಂದು ಬರೆದು ಅವನ ಕೊರಳಿಗೆ ಕಟ್ಟಿದೆ. ಕನ್ನಡ ಓದಲು ಬಾರದವರು ಅದರಲ್ಲಿ ಏನು ಬರೆದಿದೆ ಎಂದು ನೋಡಲು ಅವನನ್ನು ಹತ್ತಿರ ಕರೆದು, ಕರೆದ ತಪ್ಪಿಗೆ ಒಂದು ತುಂಡು ಕೊಡುತ್ತಿದ್ದರು! ಮೂರನೆಯ ದಿನ ಅವನು ಆ ರಟ್ಟನ್ನೇ ತಿಂದ. ನೋಟ್‌ಬುಕ್ಕಿನಲ್ಲಿ ಇದೆ ನೋಡಿ: "ರಟ್ಟು, ಅರ್ಧ." ಅಂದಿನಿಂದ ಕೆಲಸದ ಹೊತ್ತಿನಲ್ಲಿ ಅವನನ್ನು ಮನೆಯ ಹಿಂದೆ ಕಟ್ಟಿಹಾಕಿದೆ, ಲೆಕ್ಕವನ್ನೂ ಮತ್ತೆ ಮೊದಲ ದಿನದಿಂದ ಶುರು ಮಾಡಿದೆ.

ಉಳಿದವರು ಅತ್ತೆ. ಅವರಿಗೆ ಹೇಳಲು ಹೆದರಿಕೆಯಾಗಿತ್ತು, ಆದರೂ ಹೇಳಿದೆ: ಎಂಟು ವಾರ ನೀವು ಜಗಲಿಯಲ್ಲಿ ಉಣ್ಣಬಾರದು, ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು. ಅವರು ಎದುರು ಮಾತಾಡಲಿಲ್ಲ. "ಅದು ಬದುಕ್ತದೆ ಅಂದ್ರೆ ಹಂಗೇ ಆಗ್ಲಿ" ಅಂದರು. ಮಾರನೆಯ ದಿನದಿಂದ ತಟ್ಟೆ ಹಿಡಿದು ಒಳಗೆ ಕೂತರು. ಬಾಗಿಲ ಆಚೆ ಮೋಟ ಕುಂಯ್‌ಗುಟ್ಟುವುದು, ಈಚೆ ಅತ್ತೆ ತುತ್ತು ಕಲಸಿ ಕಲಸಿ ಬಾಯಿಗಿಡದೆ ಕೂರುವುದು. ಎರಡನೆಯ ಭಾನುವಾರ ಹಂದಿ ಸಾರು ಬಡಿಸಲು ಹೋದರೆ ಕೈ ಅಡ್ಡ ಹಿಡಿದರು. "ನಂಗೆ ಬ್ಯಾಡ ಕಣೆ. ಅದು ಅಲ್ಲಿ ಅಳ್ತಾ ಇರ್ವಾಗ ಗಂಟ್ಲಲ್ಲಿ ಇಳಿಯಕಿಲ್ಲ."

ಮೂರು ವಾರ ಕಳೆಯುವಷ್ಟರಲ್ಲಿ ಮೋಟನ ಕಣ್ಣಿಗೆ ಕಳೆ ಬಂತು. ಕಿವಿಯ ಕೆಂಪು ಇಳಿಯಿತು. ಪುಟದ ತುಂಬ "ಗಟ್ಟಿ, ಗಟ್ಟಿ, ಗಟ್ಟಿ." ನಾನು ಊರೆಲ್ಲ ಹೇಳಿಕೊಂಡು ಬೀಗಿದೆ. ನಾಲ್ಕನೆಯ ವಾರ, ಒಂದು ಬುಧವಾರ ಬೆಳಗ್ಗೆ ನೋಡಿದರೆ ಅಂಗಳವೆಲ್ಲ ಗಲೀಜು, ಮೋಟ ಗೋಡೆಗೆ ಆತು ನಡುಗುತ್ತಿದ್ದಾನೆ.

ನನ್ನ ತಲೆಗೆ ಏನು ಬಡಿಯಿತೋ. ನೇರ ಅಡುಗೆಮನೆಗೆ ನುಗ್ಗಿ, "ಅತ್ತೆ, ನೀವೇ ಕೊಟ್ಟಿರಬೇಕು! ನಾನು ಇಷ್ಟು ಒದ್ದಾಡ್ತಿದ್ದೀನಿ, ನಿಮಗೆ ಒಂದು ತುತ್ತು ತಡೆಯೋಕಾಗಲ್ವಾ?" ಎಂದು ಕೂಗಿದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರಿಗೆ ನಾನು ಹಾಗೆ ದನಿ ಎತ್ತಿದ್ದಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟರು. "ನಾನೇನೂ ಹಾಕ್ಲಿಲ್ಲ ಕಣೆ," ಅಂದರು. ತಮ್ಮ ಮಡಿಲು ನೋಡಿಕೊಂಡು, "ಕೈ ತಪ್ಪಿ ಏನಾರ ಬಿತ್ತೇನೋ, ನಂಗೂ ಈಗ ಕಣ್ಣು ಕಾಣಕಿಲ್ಲ," ಅಂದರು. ನಾನು ಅದನ್ನೇ ಹಿಡಿದುಕೊಂಡೆ. ನೋಡಿ, ಒಪ್ಪಿಕೊಂಡರಲ್ಲ!

ಎರಡು ದಿನವಾದರೂ ನಿಲ್ಲದಿದ್ದಾಗ ನೋಟ್‌ಬುಕ್ಕು ಹಿಡಿದು ಡಾಕ್ಟರ ಹತ್ತಿರ ಓಡಿದೆ. ಆ ಹುಡುಗಿ ಒಂದೊಂದೇ ಪುಟ ತಿರುವಿದಳು. ಒಂದು ಕಡೆ ಬೆರಳಿಟ್ಟಳು. "ಆಂಟಿ, ಇದೇನು?" ಅಂಚಿನಲ್ಲಿ ಸಣ್ಣಗೆ ಬರೆದಿದ್ದೆ: "ಮಂಗಳವಾರ. ಉಣ್ಣಿ ಮಾತ್ರೆ. ಉಗುಳಿದ. ಗಟ್ಟಿ ಮೊಸರಲ್ಲಿ ಸುತ್ತಿ ಕೊಟ್ಟೆ." ಕೆಳಗೆ: "ಬುಧವಾರ. ಭೇದಿ. ಮೊಸರು ಕೊಟ್ಟೆ." ಅದರ ಕೆಳಗೆ: "ಗುರುವಾರ. ಜಾಸ್ತಿ. ಎರಡು ಸಲ ಮೊಸರು."

"ಅದು ಮೊಸರಲ್ವಾ," ಅಂದೆ ನಾನು.

"ಮೊಸರು ಊಟ ಅಲ್ವಾ ಆಂಟಿ?"

ನಂಬಿ, ಆ ಕ್ಷಣದವರೆಗೆ ಮೊಸರು ಊಟ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಮದ್ದು. ಅನ್ನ ಬಿಡಿಸಿದೆ, ಮಾಂಸ ಬಿಡಿಸಿದೆ, ಅತ್ತೆಯ ಕೈತುತ್ತು ಬಿಡಿಸಿದೆ, ಮದ್ದನ್ನು ಯಾರಾದರೂ ಬಿಡಿಸುತ್ತಾರಾ? ಹಾಗಾದರೆ ಇಷ್ಟು ದಿನ ಹೊಟ್ಟೆ ಕೆಟ್ಟಾಗಲೆಲ್ಲ ಬಟ್ಟಲು ಬಟ್ಟಲು ಕಲಸಿ ಅವನ ಮುಂದಿಟ್ಟು, "ತಿನ್ನೋ ಕಂದಾ, ತಂಪಾಗುತ್ತೆ" ಎಂದು ತಲೆ ಸವರಿದವಳು ನಾನೇ. ಜೀಪಿನಲ್ಲಿ ವಾಪಸ್ಸು ಬರುವಾಗ ಮೋಟ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ. ನನಗೆ ಅವನ ಕಣ್ಣು ನೋಡಲು ನಾಚಿಕೆಯಾಯಿತು.

ಮತ್ತೆ ಮೊದಲ ದಿನದಿಂದ ಎಂಟು ವಾರ. ಮೀನು, ಗೆಣಸು, ಬಗ್ಗಿ ನೋಡುವುದು, ಬರೆಯುವುದು. ಒಂದು ದಿನ ತಪ್ಪಿಸಲಿಲ್ಲ. ಬಿಡೆನೆಂದರೆ ಬಿಡೆ ಎನ್ನುವ ಜಾತಿ ನಾನು. ಆಮೇಲೆ ಒಂದೊಂದೇ ಹಳೆಯದನ್ನು ವಾರ ವಾರ ಕೊಟ್ಟು ನೋಡಿದೆವು. ಅನ್ನ ಒಪ್ಪಿತು. ಕೋಳಿ ಒಪ್ಪಿತು. ಖಾರವಿಲ್ಲದೆ ಬೇಯಿಸಿ ಕೊಬ್ಬು ತೆಗೆದ ಹಂದಿಯೂ ಒಪ್ಪಿತು. ಕೊನೆಗೆ ಡಾಕ್ಟರು ಹೇಳಿದಂತೆ ಒಂದೇ ಒಂದು ಚಮಚ ಮೊಸರು. ಮಾರನೆಯ ದಿನ ಅಂಗಳ ನೋಡಿದ ಮೇಲೆ ಬರೆಯಲು ಏನೂ ಉಳಿಯಲಿಲ್ಲ. ಹಾಲು, ಮೊಸರು, ಮಜ್ಜಿಗೆ, ಮೂರೂ ಅವನಿಗೆ ಅಂದಿಗೆ ಮುಗಿದವು. ಮೋಟ ಬದುಕಿದ. ಈಗ ಅವನನ್ನು ಎತ್ತಲು ಇಬ್ಬರು ಬೇಕು.

ಅತ್ತೆಗೆ ನಾನು ಹೇಳಿದ್ದು ಇಷ್ಟೇ: "ಡಾಕ್ಟ್ರು ಮೊಸರು ಕೊಡಬೇಡಿ ಅಂದಿದ್ದಾರೆ. ಉಳಿದದ್ದು ನೀವು ಕೊಡಬಹುದು." ಆ ಬುಧವಾರದ ಮಾತು ಎತ್ತಲಿಲ್ಲ. ಎತ್ತಿದರೆ ತಪ್ಪು ನನ್ನದೆಂದು ಹೇಳಬೇಕಿತ್ತಲ್ಲ! ನಾಯಿಯ ಹೊಟ್ಟೆಗಾಗಿ ನೂರು ಪುಟ ತುಂಬಿಸಿದ ಹಟಗಾತಿಗೆ ಒಂದು ವಾಕ್ಯ ಬಾಯಿಂದ ಹೊರಡಲಿಲ್ಲ. ನೋಟ್‌ಬುಕ್ಕನ್ನು ಕಾಚಂಪುಳಿಯ ಹಿಂದೆ ತಳ್ಳಿದೆ.

ಅತ್ತೆ ಮತ್ತೆ ಜಗಲಿಗೆ ಬಂದರು. ಆದರೆ ಮೊದಲ ತುತ್ತು ಎತ್ತಿ, ಕೈ ಗಾಳಿಯಲ್ಲೇ ನಿಲ್ಲಿಸಿ, ನನ್ನ ಮುಖ ನೋಡುತ್ತಾರೆ. ನಾನು ತಲೆಯಾಡಿಸಿದರೆ ಮಾತ್ರ ಮೋಟನಿಗೆ. ಊಟ ಮುಗಿದ ಮೇಲೆ ಸೀರೆಯ ಮಡಿಲನ್ನು ತಟ್ಟೆಯೊಳಗೆ ಕೊಡವಿ, ಕೊಡವಿ, ಕೈಯಿಂದ ಸವರಿ ನೋಡಿ ಆಮೇಲೆ ಏಳುತ್ತಾರೆ. ವಯಸ್ಸಾಯಿತು, ಅಚ್ಚುಕಟ್ಟು ಹೆಚ್ಚಾಯಿತು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು.

ಇವತ್ತು ಆ ಪುಟ ಕೈಯಲ್ಲಿ ಹಿಡಿದು ನಿಂತಾಗ ಸಾರು ಉಕ್ಕಿ ಒಲೆಗೆ ಸುರಿಯಿತು. ಒಲೆ ಆರಿಸಿದೆ. ಇನ್ನೊಂದು ದಿನ ಮುಂದೆ ಹಾಕಿದರೆ ನಾನು ಮನುಷ್ಯಳೇ ಅಲ್ಲ ಎಂದುಕೊಂಡು ಜಗಲಿಗೆ ನಡೆದೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಎದುರಿಗೆ ಕೂತು ಗಟ್ಟಿಯಾಗಿ ಓದಿದೆ. ಮಂಗಳವಾರ, ಬುಧವಾರ, ಗುರುವಾರ.

ಅವರ ಕೈ ನಿಂತಿತು. "ಅದು ಮೊಸರಾ?"

"ಮೊಸರೇ ಅತ್ತೆ. ನಾನೇ ಕೊಟ್ಟಿದ್ದು. ನಿಮ್ಮ ಕೈಯಿಂದ ಏನೂ ಬಿದ್ದಿರಲಿಲ್ಲ. ನಾನು ಸುಮ್ಮಸುಮ್ಮನೆ ನಿಮ್ಮ ಮೇಲೆ ಹಾಕಿದೆ, ತಪ್ಪಾಯ್ತು."

"ನಿಂಗೆ ಯಾವಾಗ ಗೊತ್ತಾಯ್ತು?"

"ಆ ವಾರವೇ."

ಅವರು ಬೆಳ್ಳುಳ್ಳಿಯ ಸಿಪ್ಪೆಯನ್ನು ಒಟ್ಟು ಮಾಡಿದರು, ಮತ್ತೆ ಚೆಲ್ಲಿದರು. "ಎರಡು ವರ್ಷ ಆಯ್ತಲ್ಲೇ! ದಿನಾ ಉಂಡು ಏಳ್ವಾಗ ಎದೆ ಢವಢವ ಅಂತದೆ ನಂಗೆ, ಎಲ್ಲಾರ ಒಂದು ಅಗುಳು ಬಿದ್ದು ಅದು ಸತ್ತೋದ್ರೆ ಅಂತ. ಬಾಯಿ ಇರ್ಲಿಲ್ವಾ ನಿಂಗೆ?" ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಇರಲಿಲ್ಲ ಅಂತಲೇ ಉತ್ತರ. ಬೈಯಲಿ ಎಂದು ಕೂತೆ. ಅವರೂ ಮನಸಾರೆ ಬೈದರು, ನನ್ನ ತವರಿನವರೆಗೂ ಹೋಗಿ ಬಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ತಮಗೆ ತಾವೇ ಎಂಬಂತೆ, "ಹಂಗಾರೆ ನಂದಲ್ಲ," ಅಂದರು.

ಮಧ್ಯಾಹ್ನ ಬಡಿಸಿದೆ. ಅತ್ತೆಯ ತಟ್ಟೆಯ ಪಕ್ಕ ಒಂದು ಬಟ್ಟಲಿನಲ್ಲಿ, ಮಸಾಲೆ ಹಾಕುವ ಮೊದಲೇ ತೆಗೆದಿಟ್ಟ ಮೋಟನ ತುಂಡುಗಳು. ಅವರು ಒಂದು ತುಂಡು ಎತ್ತಿದರು. ಅಭ್ಯಾಸ ಬಲದಿಂದ ನಾನು ತಲೆಯಾಡಿಸಲು ಹೊರಟೆ. "ಬಾರೋ ಮೋಟ," ಅಂದರು, ತುಂಡು ಆಗಲೇ ಅವನ ಬಾಯಲ್ಲಿತ್ತು. ಎರಡನೆಯ ತುತ್ತು ತಾವು ಉಂಡರು. ಉಂಡು ಮುಗಿಸಿ, ನೀರು ಕುಡಿದು, ಗೋಡೆ ಹಿಡಿದು ಎದ್ದುಬಿಟ್ಟರು. ಮಡಿಲಿನಿಂದ ನಾಲ್ಕು ಅಗುಳು ನೆಲಕ್ಕೆ ಬಿದ್ದವು, ಮೋಟ ನೆಕ್ಕಿದ. ಅತ್ತೆ ನನ್ನ ಮುಖ ನೋಡಲೇ ಇಲ್ಲ, ಕೈ ತೊಳೆಯಲು ಹೋದರು.