ಖಾರಾ ಅಂದ ಮಾತು

ಕಮಲಾಪುರದ ಪೀರಪ್ಪನ ಕೈರುಚಿಯ ಬಗ್ಗೆ ಎರಡು ಮಾತಿರಲಿಲ್ಲ. ಕಲಬುರ್ಗಿಯಲ್ಲಿ, ಕೋಟನೂರ ಕಡೆಗಿದ್ದ ಒಂದು ಗೆಸ್ಟ್ ಹೌಸಿನ ಅಡುಗೆಮನೆಯಲ್ಲಿ ಅವನ ಅರ್ಧ ಆಯುಷ್ಯ ಸವೆದಿತ್ತು. ಉಂಡವರೆಲ್ಲ ಬೆರಳು ನೆಕ್ಕುತ್ತಿದ್ದರು. ಮ್ಯಾನೇಜರ್ ಮುಕುಂದರಾಯರಿಗೆ ಮಾತ್ರ ಅವನು ಕೊನೆಯವರೆಗೂ 'ಏ ಪೀರ್ಯಾ'. ಏನು ಮಾಡೋದು, ಕೆಲವರ ನಾಲಿಗೆಗೆ ಪೂರ್ತಿ ಹೆಸರು ಹಿಡಿಸುವುದೇ ಇಲ್ಲ.

ತೊಂಬತ್ತೆಂಟರಲ್ಲಿ ನಾಸಿಕದ ಹೋಟೆಲ್ ಮಾಲಕರೊಬ್ಬರು ಬಂದಿಳಿದರು. ಕಲಬುರ್ಗಿಯಲ್ಲೊಂದು ದೊಡ್ಡ ಹೋಟೆಲ್ ತೆಗೆಯುವ ವಿಚಾರ ಅವರದು. ಅದರ ಅಡುಗೆಮನೆಗೆ ಒಬ್ಬ ಹಿರಿಯ ಅಡುಗೆಯವನು ಬೇಕಾಗಿತ್ತು. ರಾತ್ರಿಯ ಊಟ ಮೆಚ್ಚಿಗೆಯಾದರೆ ಆ ಕೆಲಸ ಪೀರಪ್ಪನದೇ ಎಂದು ಮೊದಲೇ ಹೇಳಿಬಿಟ್ಟರು. ಈ ಸುದ್ದಿ ಕೇಳಿದ ಖುಷಿಗೆ ಹೆಂಡತಿ ಶೇವಂತಾ ಆ ದಿನ ಒಂದು ತುತ್ತೂ ಉಣ್ಣಲಿಲ್ಲ.

ಮಾಲಕರು ತಮ್ಮ ಕಡೆಯ ಕೆಂಪು ವೈನ್ ತಂದಿದ್ದರು. ಇದಕ್ಕೆ ಹೊಂದುವ ಅಡುಗೆಯಾಗಬೇಕು, ನೀನೇ ರುಚಿ ನೋಡು ಎಂದು ಪೀರಪ್ಪನಿಗೂ ಒಂದು ಗುಟುಕು ಕೊಟ್ಟರು. ಮೊದಲು ಹುಳಿ, ಹಿಂದೆಯೇ ನೇರಳೆ ಹಣ್ಣು ತಿಂದಂಥ ಒಗರು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿದಂತಾಯಿತು. ಇದಕ್ಕೆ ಕೊಬ್ಬಿರುವ ಮಟನ್ ಮೆತ್ತಗೆ ಬೇಯಬೇಕು, ಉಪ್ಪು ಚೂರು ಮುಂದಿರಬೇಕು, ಮೆಣಸಿನಪುಡಿ ತಾಕಿದರೆ ಬಾಯಿ ಉರಿದು ಹೋಗುತ್ತದೆ ಎಂದು ಅವನ ನಾಲಿಗೆ ಸಾಫ್ ಹೇಳಿತು.

ಅಷ್ಟರಲ್ಲಿ ಮುಕುಂದರಾಯರು ಗಡಿಬಿಡಿಯಲ್ಲಿ ಒಳಗೆ ಬಂದರು. ಮಾಲಕರೊಂದಿಗೆ ಮರಾಠಿಯಲ್ಲಿ ಮಾತಾಡಿ ಬಂದ ಬಾಯಿ ಅದು.

"ಏ ಪೀರ್ಯಾ, ಮಟನ್ ಖಾರಾ ಇರಲಿ. ಸಾಹೇಬ್ರೇ ಹೇಳ್ಯಾರ."

"ಖಾರಾ ಏನ್ರೀ? ಈ ವೈನಿನ ಜೋಡಿ..."

"ಹೇಳಿದಷ್ಟು ಮಾಡು. ನೀ ಯಾವಾಗ ವೈನ್ ಕುಡಿದಿದ್ದಿ?"

ದೊಡ್ಡವರು ಹೇಳಿದ್ದು, ಅವರಿಗೆ ಗೊತ್ತಿರಲೇಬೇಕು ಎಂದು ಪೀರಪ್ಪ ತನ್ನ ನಾಲಿಗೆಯ ಮಾತನ್ನು ನುಂಗಿ, ಬ್ಯಾಡಗಿ ಪುಡಿಯ ಜೊತೆಗೆ ಗುಂಟೂರಿನದನ್ನೂ ಕೈತುಂಬ ಸುರಿದ.

ಮಾಲಕರು ಒಂದು ತುತ್ತು ಉಂಡು ವೈನ್ ಹೀರಿದರು, ಅಷ್ಟೇ. ಕೆಮ್ಮು, ಕಣ್ಣೀರು, ನೀರು ನೀರು. ಬಾಯಿ ಒರೆಸಿಕೊಳ್ಳುತ್ತ ಹಿಂದಿಯಲ್ಲಿ, ನಾನು ಖಾರಾ ಅಂದೆ, ಉಪ್ಪುಪ್ಪಾಗಿರಲಿ ಅಂದೆ, ತಿಖಟ ಅಂದೆನೇ ಎಂದು ಕೇಳಿದರು. ಬಾಗಿಲಲ್ಲಿ ನಿಂತ ಪೀರಪ್ಪನಿಗೆ ಆಗ ತಿಳಿಯಿತು: ಮರಾಠಿಯ ಖಾರಾ ಉಪ್ಪಿನದು, ನಮ್ಮ ಖಾರಾ ಮೆಣಸಿನಕಾಯಿಯದು, ಅದಕ್ಕೆ ಅವರು ತಿಖಟ ಅನ್ನುತ್ತಾರೆ. ಮುಕುಂದರಾಯರಿಗೂ ತಿಳಿಯಿತು, ಮನೆಯಲ್ಲಿ ಮರಾಠಿ, ಬಜಾರದಲ್ಲಿ ಕನ್ನಡ ಆಡಿ ಬೆಳೆದವರಿಗೆ ತಿಳಿಯದೆ ಇರುತ್ತದೆಯೇ? ಆದರೂ ನಗುತ್ತ ಅಂದರು, "ಈ ಮಂದಿಗಿ ಮೆಣಸಿನಕಾಯಿ ಬಿಟ್ರ ಬ್ಯಾರೆ ಏನೂ ಗೊತ್ತಿಲ್ರೀ ಸಾಹೇಬ."

ನೀವೇ ಹೇಳಿದ್ರಿ ಎನ್ನದೆ ಪೀರಪ್ಪ ಮಟನ್ ತಾಟು ಎತ್ತಿಕೊಂಡು ಒಳಗೆ ಹೋದ. ಮಾಲಕರು ಹೈದರಾಬಾದಿನಿಂದ ಬೇರೆಯವನನ್ನು ಕರೆತಂದರು. ಸುದ್ದಿ ತಿಳಿದ ಶೇವಂತಾ ವರ್ಷಗಟ್ಟಲೆ ಬೈದಳು. ಬಂದ ಭಾಗ್ಯಕ್ಕೆ ಕೈಯಾರೆ ಮೆಣಸಿನಪುಡಿ ಹಾಕಿದಿರಿ ಎಂದಳು. ಪೀರಪ್ಪ ಅವಳಿಗೂ ಏನೂ ಹೇಳಲಿಲ್ಲ. ರಾಯರು ಗದರಿಸಿದರು, ನಾನು ಹೆದರಿದೆ ಎಂದು ಹೆಂಡತಿಗೆ ಯಾವ ಬಾಯಿಂದ ಹೇಳುವುದು?

ಹತ್ತು ವರ್ಷದ ಮೇಲೆ ಮುಕುಂದರಾಯರ ನಿವೃತ್ತಿಯ ಊಟಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ರಾಯರು ನಾಸಿಕದ ಸಾಹೇಬರ ಬಾಯಿ ಸುಟ್ಟ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೀರಪ್ಪನೂ ನಕ್ಕ. ಹಾಳಾದ ನಗು, ರೂಢಿಯಾಗಿಬಿಟ್ಟಿತ್ತು.

ಕಮಲಾಪುರದ ಬಸ್ಸಿನಲ್ಲಿ ಶೇವಂತಾ ಕೇಳಿದಳು, "ಅವರು ನಕ್ಕರು ಸರಿ. ನೀವ್ಯಾಕ ನಕ್ರಿ?"

ಆಗ ಅವನು ಮೊದಲ ಸಲ ಎಲ್ಲ ಹೇಳಿದ. ವೈನಿನ ಒಗರು, ತನಗೆ ತೋಚಿದ ಅಡುಗೆ, ರಾಯರು ಅಂದ ಮಾತು. ಅಷ್ಟರಲ್ಲಿ ಬಸ್ಸು ಮಹಾಗಾಂವ ದಾಟಿತ್ತು. ಶೇವಂತಾ ಅಂದಳು, "ಇಷ್ಟು ವರ್ಷ ನಾನೂ ನಿಮ್ದೇ ತಪ್ಪಂತ ಬೈದೀನಲ್ರೀ."