ಬಾನೆಟ್ ಮೇಲಿನ ಎರಡು ಡಬ್ಬಿ

ಕಳೆದ ವಾರ ನನ್ನ ತಂಗಿಯ ಹಲ್ಲುಸೆಟ್ಟು ಬಸ್ಸಿನಲ್ಲಿ ಹೋಗಿ, ಬಸ್ಸಿನಲ್ಲೇ ವಾಪಸ್ ಬಂತು. ಅವಳ ಬಾಯಿಗೆ ಮಾತ್ರ ತಲುಪಲಿಲ್ಲ.

ನಮ್ಮ ಕೊರಟಗೆರೆಯಿಂದ ಹೊಳವನಹಳ್ಳಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ, ಡ್ರೈವರ್ ಪಕ್ಕದ ಬಾನೆಟ್ ಮೇಲೆ ನನ್ನ ಎರಡು ಸ್ಟೀಲ್ ಡಬ್ಬಿಗೆ ಖಾಯಂ ಜಾಗ. ಡ್ರೈವರ್ ಕಡೆಯದು ರಸ್ತೆ ಬದಿಯಲ್ಲೇ ಇರುವ ತಂಗಿ ಲೀಲಾಳ ಮನೆಗೆ. ಬಾಗಿಲ ಕಡೆಯದು ಸ್ಟಾಪಿನ ಟೀ ಅಂಗಡಿ ರಂಗಮ್ಮನಿಗೆ (ನನ್ನ ಮಸಾಲೆ ಕಡಲೆಗೆ ಅಲ್ಲಿ ಗಿರಾಕಿಗಳಿದ್ದಾರೆ, ನಗಬೇಡಿ). ಚೀಟಿಯಿಲ್ಲ, ಹೆಸರಿಲ್ಲ. ಅಲ್ಲಿಂದ ಏನೇ ವಾಪಸ್ ಬಂದರೂ ಡ್ರೈವರ್ ಕಡೆಯ ಜಾಗದಲ್ಲೇ.

ಅವತ್ತು ಲೀಲಾಳ ಮೊಮ್ಮಗಳು ಸಿಂಧುವನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ರಿಪೇರಿಗೆಂದು ಇಲ್ಲಿಗೆ ಬಂದಿದ್ದ ಹಲ್ಲುಸೆಟ್ಟನ್ನು ಬೆಳಗಿನ ಬಸ್ಸಿಗೇ ಕಳಿಸುವುದಾಗಿ ಪ್ರಾಮಿಸ್ ಮಾಡಿದ್ದೆ.

ಯಾವಾಗಲೂ ಡಬ್ಬಿ ಕೊಡುವ ಬಾಗಿಲಲ್ಲಿ ರಶ್ಶೋ ರಶ್ಶು. ಡ್ರೈವರ್ ಕಿಟಕಿಯಿಂದಲೇ ಎರಡೂ ಡಬ್ಬಿ ಕೊಟ್ಟೆ. ಆ ಕಡೆಯಿಂದ ಕೊಟ್ಟರೆ ಎಡಬಲ ತಿರುಗುವುದಿಲ್ಲವೇ? ಕಾನ್ವೆಂಟಿನಲ್ಲಿ ಎಡಗೈ ಯಾವುದೆಂದು ಗೊತ್ತಾಗಲಿ ಅಂತ ಸಿಸ್ಟರ್ ನನಗೊಂದು ನೀಲಿ ರಿಬ್ಬನ್ ಕಟ್ಟಿದ್ದರು. ರಿಬ್ಬನ್ ಯಾವತ್ತೋ ಹೋಯಿತು, ಸಿಸ್ಟರೂ ಹೋದರು. ಕನ್‌ಫ್ಯೂಷನ್ ಉಳಿದಿದೆ.

ಮೊದಲ ಫೋನ್ ರಂಗಮ್ಮನದು. "ಅಮ್ಮಾ, ಕಡ್ಲೆ ಕಳ್ಸಿ ಅಂದ್ರೆ ಕಡಿಯೋದನ್ನೇ ಕಳ್ಸಿದ್ದೀರಲ್ಲ! ಮುಚ್ಚಳ ತೆಗುದ್ರೆ ಹಲ್ಲು ಕಿರೀತದೆ ಕಣಮ್ಮ! ವಾಪಸ್ ಬಸ್ಸಿಗೆ ಇಟ್ಬುಟ್ಟೆ!"

ಎರಡನೆಯದು ಲೀಲಾಳದು. "ಅಕ್ಕಾ, ಹಲ್ಲೆಲ್ಲಿ? ಡಬ್ಬೀಲಿ ಕಡ್ಲೆ ಐತೆ! ಅವರಾಗ್ಲೇ ಕಾರ್ ಇಳೀತವ್ರೆ!"

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ಪಾರ್ಸೆಲ್ ಮಾಡಿ ಸಾಬೀತುಪಡಿಸಿದವಳು ನಾನೊಬ್ಬಳೇ ಇರಬೇಕು. ಮಧ್ಯಾಹ್ನ ಬಸ್ಸು ಬಂತು. ಡ್ರೈವರ್ ಕಡೆಯ ಜಾಗದಲ್ಲಿ ಡಬ್ಬಿ. ತೆರೆದರೆ ಹಲ್ಲು ನನ್ನನ್ನೇ ನೋಡಿ ನಗುತ್ತಿತ್ತು. ನನ್ನಿಂದ ಹುಡುಗಿಯ ಸಂಬಂಧ ತಪ್ಪಿತಲ್ಲ ಅಂತ ಊಟ ಸೇರಲಿಲ್ಲ.

ಸಂಜೆ ಸಿಂಧುವಿನದೇ ಫೋನ್. ಮಧುಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. "ದೊಡ್ಡಜ್ಜಿ, ನೀವು ಕಾಲಿಂಗ್ ಕನ್ವೆನ್ಶನ್ ಮುರಿದ್ರಿ!"

"ಹಾಗಂದ್ರೇನೇ?"

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಒಳಗೆ ರಿಜಿಸ್ಟರ್ ಅನ್ನುವ ಪುಟ್ಟ ಪುಟ್ಟ ಜಾಗಗಳಿರುತ್ತವಂತೆ. ಒಂದು ಫಂಕ್ಷನ್ (ಮದುವೆಯದಲ್ಲ, ಪ್ರೋಗ್ರಾಮಿನ ಒಂದು ತುಂಡಂತೆ) ಇನ್ನೊಂದನ್ನು ಕರೆಯುವಾಗ, ಮೊದಲ ಸಾಮಾನು ಈ ರಿಜಿಸ್ಟರಿನಲ್ಲಿ, ಎರಡನೆಯದು ಆ ರಿಜಿಸ್ಟರಿನಲ್ಲಿ ಎಂದು ಮೊದಲೇ ಒಪ್ಪಂದ. ಉತ್ತರ ಬರುವುದಕ್ಕೂ ಗೊತ್ತಾದ ಜಾಗ. ಕೆಲವು ಪ್ರೊಸೆಸರುಗಳಲ್ಲಿ ಮೊದಲ ಸಾಮಾನು ಇಟ್ಟ ಜಾಗವೇ! (ನಮ್ಮ ಡ್ರೈವರ್ ಯಾವ ಕಾಲೇಜಿನಲ್ಲಿ ಓದಿದನೋ.)

"ಅದಲು ಬದಲಾದ್ರೆ ಕಿರುಚಿಕೊಳ್ಳಲ್ವಾ?"

"ಇಲ್ಲ ದೊಡ್ಡಜ್ಜಿ. ಇಟ್ಟಿದ್ದನ್ನೇ ಸರಿ ಅಂದ್ಕೊಂಡು ಸುಮ್ನೆ ಕೆಲಸ ಮುಗಿಸುತ್ತೆ. ಉತ್ತರ ಬಂದ್ಮೇಲೇ ಗೊತ್ತಾಗೋದು."

"ಉತ್ತರ ಏನು ಬಂತೇ, ಮೊದಲು ಅದು ಹೇಳು!"

ಅವಳು ನಗತೊಡಗಿದಳು. ಊರಿಗೇ ವಾಚಾಳಿಯಾದ ನನ್ನ ತಂಗಿ ಸೆರಗು ಬಾಯಿಗಿಟ್ಟುಕೊಂಡು, ಕಡಲೆ ತಟ್ಟೆ ಮುಂದೆ ತಳ್ಳಿ, ಎಲ್ಲದಕ್ಕೂ ತಲೆಯಾಡಿಸುತ್ತ ಕೂತಿದ್ದಳಂತೆ. "ಎಂಥ ಗಂಭೀರ ಹೆಂಗಸು! ಇಂಥ ಮನೇದೇ ಸಂಬಂಧ ಬೇಕು" ಅಂದರಂತೆ ಗಂಡಿನ ತಾಯಿ. ಸಿಂಧುವಿಗೂ ಹುಡುಗ ಇಷ್ಟ.

ಬರುವ ವಾರ ನಿಶ್ಚಿತಾರ್ಥ. "ಅಕ್ಕಾ, ನಾಳೆ ಬಸ್ಸಿಗೆ ಹಲ್ಲು ಕಳ್ಸು" ಅನ್ನುತ್ತಾಳೆ ಲೀಲಾ. "ದೊಡ್ಡಜ್ಜಿ, ಮದುವೆ ಆಗೋವರೆಗೂ ಕಡ್ಲೇನೇ ಕಳ್ಸಿ, ಪ್ಲೀಸ್" ಅನ್ನುತ್ತಾಳೆ ಸಿಂಧು.

ನೀವೇ ಹೇಳಿ, ನಾಳೆ ಡ್ರೈವರ್ ಕಡೆಗೆ ಯಾವ ಡಬ್ಬಿ ಇಡಲಿ?