ರಾಮಾಯಿ ತೆಗೆಸಿದ ಹೆಸರು

ಸುಳ್ಯ ತಾಲೂಕಿನ ಐವರ್ನಾಡಿನ ಹತ್ತಿರದ ರಬ್ಬರು ತೋಟದ ಕೂಲಿಗಳ ಲೈನ್ ಮನೆಯಲ್ಲಿದ್ದ ರಾಮಾಯಿಯನ್ನು ಬೆಳ್ಳಾರೆ ಪೇಟೆಯಲ್ಲಿ ಎಲ್ಲರೂ ‘ಸಿಲೋನಿನವಳು’ ಎನ್ನುತ್ತಿದ್ದರು. ಸಿಲೋನಿನಲ್ಲಿದ್ದಾಗ ಅವಳನ್ನೂ ಅವಳ ಹಿರಿಯರನ್ನೂ ಅಲ್ಲಿಯವರು ‘ಇಂಡಿಯಾದವರು’ ಎನ್ನುತ್ತಿದ್ದರು. ಒಟ್ಟಿನಲ್ಲಿ ಅವಳು ಯಾವಾಗಲೂ ತಾನು ಇಲ್ಲದ ಊರಿನವಳು. ಇದು ಯಾವ ಸೀಮೆಯ ನ್ಯಾಯವೋ, ಕಾನೂನು ಬರೆದವರನ್ನೇ ಕೇಳಬೇಕು.

ಅವಳ ಮುತ್ತಜ್ಜನನ್ನು ತಿರುಚಿನಾಪಳ್ಳಿ ಕಡೆಯ ಹಳ್ಳಿಯಿಂದ ಬಿಳಿ ದೊರೆಗಳು ಚಹಾ ಗಿಡ ನೆಡುವುದಕ್ಕೆಂದು ಹಡಗು ಹತ್ತಿಸಿದ್ದರು. ಅವನ ಕಡೆಯವರು ಸಿಲೋನಿನ ಹಟ್ಟನ್ ಬೆಟ್ಟದ ಕಾಡು ಕಡಿದು, ತೋಟ ಮಾಡಿ, ಅಲ್ಲೇ ಹೆತ್ತು ಅಲ್ಲೇ ಮಣ್ಣಾದರು. ಸಿಲೋನಿಗೆ ಸ್ವಾತಂತ್ರ್ಯ ಬಂದ ವರ್ಷವೇ ಹೊಸ ಕಾನೂನೂ ಬಂತು. ತೋಟದ ತಮಿಳರು ಆ ದೇಶದ ಪ್ರಜೆಗಳಲ್ಲ ಎಂದಾಯಿತು. ರಾಮಾಯಿ ಆಗ ಲಂಗ ಹಾಕಿಕೊಂಡು ಓಡಾಡುವ ಹುಡುಗಿ. ಇಂಡಿಯಾವಾದರೂ ‘ನಮ್ಮವರು, ಬನ್ನಿ’ ಎಂದಿತೇ? ಅದೂ ಇಲ್ಲ. ಯಾವ ದೇಶಕ್ಕೂ ಬೇಡವಾದ ಲಕ್ಷಗಟ್ಟಲೆ ಜನ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಚಹಾ ಎಲೆ ಕೀಳುತ್ತಲೇ ಇದ್ದರು. ಅರವತ್ತನಾಲ್ಕರಲ್ಲಿ ಎರಡೂ ಕಡೆಯ ದೊಡ್ಡವರು ದಿಲ್ಲಿಯಲ್ಲಿ ಕೂತು, ಇಷ್ಟು ಲಕ್ಷ ನಿಮಗೆ, ಇಷ್ಟು ಲಕ್ಷ ನಮಗೆ ಎಂದು ಮಾತಾಡಿಕೊಂಡರು. ಲೆಕ್ಕಕ್ಕೆ ಸಿಗದೆ ಉಳಿದವರನ್ನು ಹತ್ತು ವರ್ಷ ಬಿಟ್ಟು ಅರ್ಧರ್ಧ ಹಂಚಿಕೊಂಡರು. ಅಣ್ಣತಮ್ಮಂದಿರು ಹಿತ್ತಲಿನ ತೆಂಗಿನಮರ ಪಾಲು ಮಾಡುವಾಗಲಾದರೂ ಒಮ್ಮೆ ಮರದ ಬುಡಕ್ಕೆ ಹೋಗಿ ನೋಡುತ್ತಾರೆ.

ರಾಮಾಯಿ ಮತ್ತು ಗಂಡ ವೇಲು ಇಂಡಿಯಾಕ್ಕೆ ಅರ್ಜಿ ಹಾಕಿದ್ದರು. ಎಪ್ಪತ್ತಾರರಲ್ಲಿ ಅದು ಮಂಜೂರಾಯಿತು. ಗಂಡ, ಹೆಂಡತಿ, ಒಬ್ಬಳೇ ಮಗಳು ಲೆಚ್ಚುಮಿ, ಮೂವರ ಹೆಸರೂ ಒಂದೇ ಪಾಸ್‌ಪೋರ್ಟಿನಲ್ಲಿತ್ತು. ಆದರೆ ಅಷ್ಟರಲ್ಲಿ ಲೆಚ್ಚುಮಿಗೆ ಮದುವೆಯಾಗಿತ್ತು. ಹುಡುಗ ರಾಮಾಯಿಯ ಅಣ್ಣನ ಮಗ. ಸೋದರಮಾವನ ಮಗನಿಗೆ ಈ ಹುಡುಗಿ ಎಂಬುದು ಅವಳು ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ಸಮುದ್ರ ದಾಟಿದ ಮೇಲೆ ಯಾರು ಎಲ್ಲೋ ಎಂದು ಅಣ್ಣ ಆತುರಪಟ್ಟು ಎಸ್ಟೇಟಿನ ಮಾರಿಯಮ್ಮನ ಗುಡಿಯಲ್ಲಿ ತಾಳಿ ಕಟ್ಟಿಸಿದ. ಅಣ್ಣನ ಮನೆಯವರೂ ಇಂಡಿಯಾಕ್ಕೇ ಅರ್ಜಿ ಹಾಕಿದ್ದರು. ಅವರದ್ದೂ ಇನ್ನೇನು ಬಂತು ಎಂದು ಎಲ್ಲರೂ ನಂಬಿದ್ದರು.

ಕ್ಯಾಂಡಿಯಲ್ಲಿದ್ದ ಇಂಡಿಯಾ ಸರ್ಕಾರದ ಆಫೀಸಿನಲ್ಲಿ ಕಡೆಯ ತಪಾಸಣೆಯ ದಿನ ರಾಮಾಯಿ ತಾನಾಗಿಯೇ ಮೇಜಿನ ಮುಂದೆ ಹೋಗಿ ನಿಂತಳು.

“ಮಗಳಿಗೆ ಮದುವೆಯಾಗಿದೆ ಅಯ್ಯಾ. ಅವಳ ಹೆಸರು ನಮ್ಮದರಿಂದ ತೆಗೆಯಿರಿ.”

ಗುಮಾಸ್ತ ಒಳ್ಳೆಯವನು. “ಹೆಸರು ಬಂದಿದೆಯಲ್ಲಮ್ಮ, ಸುಮ್ಮನೆ ಕರೆದುಕೊಂಡು ಹೋಗಿ. ಗಂಡ ಹಿಂದಿನಿಂದ ಬರಲಿ,” ಎಂದ.

“ಅದು ಹೇಗಾಗುತ್ತದೆ? ತಾಳಿ ಬಿದ್ದ ಮೇಲೆ ಅವಳು ನನ್ನ ಅಣ್ಣನ ಮನೆಯವಳು. ಅಪ್ಪನ ಹೆಸರಿನ ಕೆಳಗೆ ಹಡಗು ಹತ್ತಿದರೆ ಗಂಡ ಬಿಟ್ಟವಳು ಅಂತಾರೆ ಜನ. ಅಣ್ಣನ ಮುಖ ನಾನು ಹೇಗೆ ನೋಡಲಿ?”

ಗುಮಾಸ್ತ ಇನ್ನೊಮ್ಮೆ ಕೇಳಿದ, ಅವಳು ಇನ್ನೊಮ್ಮೆ ಹೇಳಿದಳು. ಅವನು ಕೆಂಪು ಶಾಯಿಯಲ್ಲಿ ಗೆರೆ ಎಳೆದ. ರಾಮಾಯಿಯ ಮರ್ಯಾದೆ ಉಳಿಯಿತು, ಮಗಳು ಅಲ್ಲೇ ಉಳಿದಳು.

ಹಡಗಿಳಿದ ಗಂಡಹೆಂಡಿರನ್ನು ಸರ್ಕಾರ ಸುಳ್ಯದ ರಬ್ಬರು ತೋಟಕ್ಕೆ ಕಳಿಸಿತು. ಚಹಾ ಎಲೆ ಕಿತ್ತ ಕೈಗೆ ಇಲ್ಲಿ ರಬ್ಬರು ಟ್ಯಾಪಿಂಗಿನ ಕತ್ತಿ ಬಂತು. ಬೆಳಕು ಹರಿಯುವ ಮೊದಲೇ ಹೊರಟು ಮರದ ತೊಗಟೆಯನ್ನು ಹಾಲು ಇಳಿಯುವ ಹಾಗೆ ಓರೆಯಾಗಿ ಕೆತ್ತಬೇಕು. ಕತ್ತಿ ಸ್ವಲ್ಪ ಒಳಗೆ ಹೋದರೆ ಮರಕ್ಕೆ ಗಾಯ, ರಾಮಾಯಿಗೆ ಮೇಸ್ತ್ರಿಯ ಬೈಗುಳ. ಕಲಿತಳು. ಕನ್ನಡವನ್ನೂ ಕಲಿತಳು. ಲೈನಿಗೆ ಹಾಲು ತರುವ ಪೂವಮ್ಮನೇ ಅದಕ್ಕೆ ಗುರು. ಪೂವಮ್ಮ ಪಕ್ಕದ ಗೌಡರ ಮನೆಯವಳು, ಮನೆಯಲ್ಲಿ ಅರೆಭಾಷೆ, ಹೊರಗೆ ಕನ್ನಡ, ಬಾಯಿ ಜೋರು, ಮನಸ್ಸು ಮೆದು. ಮೂರನೆಯ ಮಳೆಗಾಲದಲ್ಲಿ ಜ್ವರ ಬಂದು ವೇಲು ತೀರಿಕೊಂಡಾಗ ರಾಮಾಯಿಗೆ ಗಂಜಿ ಕುಡಿಸಿದ್ದು ಅವಳೇ.

ಆ ಹೊತ್ತಿಗೂ ಅಣ್ಣನ ಅರ್ಜಿಗೆ ಉತ್ತರ ಬಂದಿರಲಿಲ್ಲ. ಒಂದು ದಿನ ರಾಮಾಯಿ ಹೆಸರು ತೆಗೆಸಿದ ಕತೆಯನ್ನು ಪೂವಮ್ಮನಿಗೆ ಹೇಳಿ ಹಣೆ ಚಚ್ಚಿಕೊಂಡಳು.

“ನೀನು ಮಾಡಿದ್ದು ಎಂತ ತಪ್ಪು?” ಎಂದಳು ಪೂವಮ್ಮ. “ಮದುವೆಯಾದ ಹುಡುಗಿ ಗಂಡನ ಮನೆಯ ಲೆಕ್ಕಕ್ಕೇ ಹೋಗುದು. ನಾವಾದರೂ ಹಾಗೆಯೇ ಮಾಡುದು.”

ಸಮಾಧಾನಕ್ಕೆ ಹೇಳಿದ ಮಾತು. ಆದರೆ ರಾಮಾಯಿಗೆ ಮೈಯೆಲ್ಲ ಉರಿಯಿತು.

“ನಿಮ್ಮ ಮಗಳು ಪಂಜದಲ್ಲಿ ಇರುದು ಪೂವಮ್ಮಕ್ಕ! ಬೆಳಿಗ್ಗೆ ಬಸ್ಸು ಹತ್ತಿದರೆ ಮಗಳ ಕೈಯ ಚಾ ಕುಡಿದು ಸಂಜೆಗೆ ವಾಪಸು ಬರ್ಬಹುದು. ನನ್ನ ಮಗಳನ್ನು ನೋಡಲಿಕ್ಕೆ ಯಾವ ಬಸ್ಸು ಉಂಟು, ಹೇಳಿ!”

ಪೂವಮ್ಮ ಹಾಲಿನ ತಂಬಿಗೆ ತೆಗೆದುಕೊಂಡು ಹೋದಳು. ಮರುದಿನ ಇಬ್ಬರೂ ಏನೂ ಆಗದವರ ಹಾಗೆ ಮಾತಾಡಿದರು.

ತೋಟದ ಆಫೀಸಿನ ರೈಟರ್ ತ್ಯಾಂಪಣ್ಣ ಅವಳ ಪರವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ. ಉತ್ತರಗಳೂ ಬರುತ್ತಿದ್ದವು, ಅದೇ ದೊಡ್ಡ ಕಾಟ. ಇಲ್ಲಿಯ ಆಫೀಸು ಹೇಳಿತು, ಲೆಚ್ಚುಮಿ ನಿಮ್ಮ ಕುಟುಂಬದವಳಲ್ಲ, ಗಂಡನ ಕುಟುಂಬದ ಅರ್ಜಿ ಇರುವಲ್ಲಿ ವಿಚಾರಿಸಿ. ಅಲ್ಲಿಯ ಆಫೀಸು ಹೇಳಿತು, ಅರ್ಜಿ ಪರಿಶೀಲನೆಯಲ್ಲಿದೆ, ಅವಳ ತವರಿನವರು ಇಂಡಿಯಾದಲ್ಲಿದ್ದರೆ ಅಲ್ಲಿ ಪ್ರಯತ್ನಿಸಬಹುದು. ಚೆಂಡಾಟವೇ. ಪುತ್ತೂರಿಗೆ ಹೋಗು, ಮಂಗಳೂರಿಗೆ ಹೋಗು, ಸಾಹೇಬರು ಇಲ್ಲ, ಇದ್ದರೂ ಇವತ್ತು ಆಗುವುದಿಲ್ಲ. ಹೋದ ದಿನದ ಕೂಲಿ ಮಾತ್ರ ತಪ್ಪದೆ ಕಡಿತವಾಗುತ್ತಿತ್ತು.

“ಕಾನೂನು ಹಾಗೆ ಉಂಟು ಮಾರಾಯ್ತಿ,” ಎಂದು ತ್ಯಾಂಪಣ್ಣ ಒಮ್ಮೆ ರೇಗಿದ. “ನಾನು ಎಂತ ಮಾಡುದು? ನೀನೇ ಹೇಳಿ ತೆಗೆಸಿದ್ದಲ್ವಾ?”

“ಕಾನೂನಿಗೆ ಹೆಣ್ಣು ಹೆತ್ತು ಗೊತ್ತುಂಟಾ ರೈಟ್ರೇ?” ಎಂದಳು ರಾಮಾಯಿ. “ನಾನು ತೆಗೆಯಲಿಕ್ಕೆ ಹೇಳಿದ್ದು ಹೆಸರನ್ನು. ಮಗಳನ್ನಲ್ಲ.”

ತ್ಯಾಂಪಣ್ಣ ಪೆನ್ನಿನ ಮುಚ್ಚಳ ತೆಗೆದು ಇನ್ನೊಂದು ಅರ್ಜಿ ಬರೆದ. ಅದರಿಂದ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಈ ನಡುವೆ ಬೆಳ್ಳಾರೆಯ ರೇಷನ್ ಸಾಲಿನಲ್ಲಿ ಒಬ್ಬ, “ಊರಿನವರಿಗೇ ಅಕ್ಕಿ ಇಲ್ಲ, ಇವರಿಗೆ ಎಲ್ಲಿಂದ ಕೊಡುದು?” ಎಂದು ಅವಳಿಗೆ ಕೇಳುವ ಹಾಗೆಯೇ ಹೇಳಿದ. ರಾಮಾಯಿ ಹಿಂದೆ ತಿರುಗಿ, “ನಿಮ್ಮ ಸರ್ಕಾರವೇ ಕರೆದದ್ದು ಮಾರಾಯ್ರೆ, ನಾನು ಕೇಳಿ ಬಂದದ್ದಲ್ಲ,” ಎಂದಳು. ಅದು ಪೂರ್ತಿ ನಿಜವಲ್ಲ, ಅರ್ಜಿ ಹಾಕಿದ್ದು ಅವರೇ. ಆದರೆ ಎರಡು ಬಾಗಿಲಲ್ಲಿ ಒಂದನ್ನು ಮುಚ್ಚಿ, ಈಗ ನಿನಗೆ ಬೇಕಾದ ಬಾಗಿಲಿನಿಂದ ಹೋಗು ಅಂದರೆ ಅದನ್ನು ಕೇಳಿಕೊಂಡದ್ದು ಎನ್ನುತ್ತಾರೆಯೇ?

ಎಂಬತ್ತೆರಡರಲ್ಲಿ ಕಡೆಗೂ ಅಣ್ಣನ ಮನೆಯವರಿಗೆ ಇಂಡಿಯಾದ ಪಾಸ್‌ಪೋರ್ಟು ಸಿಕ್ಕಿತು. ಲೆಚ್ಚುಮಿಯ ಹೆಸರು, ಅವಳ ಮಗುವಿನ ಹೆಸರು, ಎಲ್ಲ ಇತ್ತು. ರಾಮಾಯಿ ಲೈನಿನ ಎಲ್ಲ ಮನೆಗೂ ಬೆಲ್ಲ ಹಂಚಿದಳು. ಆದರೆ ಪಾಸ್‌ಪೋರ್ಟು ಸಿಕ್ಕಿದರೆ ಸಾಕೇ? ಎಸ್ಟೇಟು ಅವರನ್ನು ಬಿಡುಗಡೆ ಮಾಡಿ ಕಾಗದ ಕೊಡಬೇಕು. ಆ ಕಾಗದಕ್ಕೆ ಇನ್ನೊಂದು ಕಾಗದ ಬೇಕು. ವರ್ಷ ತಿರುಗಿತು. ಎಂಬತ್ತಮೂರರ ಆಟಿ ತಿಂಗಳಲ್ಲಿ, ಇಲ್ಲಿ ಜಡಿಮಳೆ ಹೊಯ್ಯುವಾಗ, ಸಿಲೋನಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿತ್ತು. ತ್ಯಾಂಪಣ್ಣ ರೇಡಿಯೋದಲ್ಲಿ ಕೇಳಿದ್ದನ್ನು ಅವಳಿಗೆ ಹೇಳುವುದೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹೇಳಿದ. ಮಳೆಗಾಲ ಕಳೆಯುವವರೆಗೂ ಮಗಳಿಂದ ಕಾಗದವಿಲ್ಲ. ಆ ದಿನಗಳಲ್ಲಿ ರಾಮಾಯಿಯ ಮರಗಳಿಗೆ ಆದಷ್ಟು ಗಾಯ ಯಾವತ್ತೂ ಆಗಿರಲಿಲ್ಲ. ಮೇಸ್ತ್ರಿ ನೋಡಿದ, ಬೈಯಲಿಲ್ಲ.

ಕೊನೆಗೆ ಲೆಚ್ಚುಮಿಯ ಕಾಗದ ಬಂತು. ಲೈನ್ ಮನೆ ಸುಟ್ಟುಹೋಗಿದೆ, ನಾವೆಲ್ಲ ಶಾಲೆಯಲ್ಲಿದ್ದೇವೆ, ಬದುಕಿದ್ದೇವೆ. ಬೆಂಕಿ ಇಟ್ಟವರು ನಿಮ್ಮ ಇಂಡಿಯಾಕ್ಕೆ ಹೋಗಿ ಎಂದರಂತೆ. ಹೋಗುವುದಕ್ಕೇ ಕಾದು ಕೂತವರಿಗೆ ಹೇಳುವ ಮಾತೇ ಅದು? ರಾಮಾಯಿಗೆ ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ತೋರಿಸಬೇಕೆಂದು ತಿಳಿಯಲಿಲ್ಲ.

ಎಂಬತ್ತನಾಲ್ಕರ ದೀಪಾವಳಿಯ ಸುಮಾರಿಗೆ ಇನ್ನೊಂದು ಕಾಗದ ಬಂತು. ಕಾಗದಪತ್ರದ ಕೆಲಸ ಎಲ್ಲ ಮುಗಿಯಿತು ಅಮ್ಮಾ, ಮುಂದಿನ ವಾರದ ಹಡಗಿಗೆ ಬರುತ್ತೇವೆ. ತ್ಯಾಂಪಣ್ಣ ಸಾಹೇಬರ ಹತ್ತಿರ ಮಾತಾಡಿ ಲೈನಿನಲ್ಲಿ ಖಾಲಿಯಿದ್ದ ಮನೆಯೊಂದನ್ನು ಗಟ್ಟಿ ಮಾಡಿಕೊಟ್ಟ. ರಾಮಾಯಿ ಅದರ ನೆಲಕ್ಕೆ ಸೆಗಣಿ ಸಾರಿಸಿದಳು. ಪೂವಮ್ಮ ಅವಲಕ್ಕಿ ಕಟ್ಟಿಕೊಟ್ಟು ಪುತ್ತೂರಿನವರೆಗೂ ಬಂದು ರೈಲು ಹತ್ತಿಸಿದಳು.

ಸಿಲೋನಿನಿಂದ ಬಂದವರು ಇಳಿಯುವ ರಾಮೇಶ್ವರದ ದಡದಲ್ಲಿ ಹಡಗಿರಲಿಲ್ಲ. ಇವತ್ತು ಇಲ್ಲವೇನೋ ಎಂದು ಅವಳು ಮರುದಿನವೂ ಬಂದು ನಿಂತಳು. ಅವಳಂತೆ ಬಂದವರು ಇನ್ನೂ ಕೆಲವರು ಅಲ್ಲೇ ಗಂಟು ಇಟ್ಟುಕೊಂಡು ಕೂತಿದ್ದರು. ಕಡೆಗೆ ಆಫೀಸಿನೊಳಗೆ ಹೋಗಿ ಕೇಳಿದಳು. ಅಧಿಕಾರಿ ಮರ್ಯಾದಸ್ಥ. ಆಚೆ ಗಲಾಟೆ ಜಾಸ್ತಿಯಾಗಿದೆ, ಹಡಗು ನಿಲ್ಲಿಸಿದ್ದಾರೆ, ಮತ್ತೆ ಯಾವಾಗ ಎಂದು ಹೇಳುವುದಕ್ಕಾಗುವುದಿಲ್ಲ ಎಂದು ತಮಿಳಿನಲ್ಲಿ ವಿವರಿಸಿದ. ಅವಳು ಮಗಳ ಕಾಗದ ತೋರಿಸಿದಳು. ಅವನು ಓದಿ, “ನಿಮ್ಮ ಮಗಳು ಈಗ ನಮ್ಮ ಪ್ರಜೆ ಅಮ್ಮಾ. ನಮ್ಮ ಕಡೆಯಿಂದ ಯಾವ ಅಡ್ಡಿಯೂ ಇಲ್ಲ,” ಎಂದ.

ಆಗ ರಾಮಾಯಿಯ ಕಟ್ಟೆ ಒಡೆಯಿತು. ಮೇಜಿಗೆ ಕೈ ಬಡಿದು ಕೂಗಿದಳು. ಕೂಗಿದ್ದು ಹುಟ್ಟಿದ ಭಾಷೆಯಲ್ಲಲ್ಲ. ಎಂಟು ವರ್ಷ ಆಫೀಸು ಆಫೀಸಿನಲ್ಲಿ ಜಗಳವಾಡಿದ ಭಾಷೆಯಲ್ಲಿ.

“ಎಂತ ಅಡ್ಡಿ ಇಲ್ಲ? ಎಂತ ಇಲ್ಲ ಮಾರಾಯ್ರೆ? ಅವಳು ಬೇಡ ಅಂತ ನೀವು ಹೇಳುವಾಗ ಹಡಗು ಉಂಟು! ಈಗ ಪಾಸ್‌ಪೋರ್ಟು ಉಂಟು, ಹಡಗು ಇಲ್ಲ! ಅಲ್ಲಿ ಬೆಂಕಿ ಹಾಕುದು, ಇಲ್ಲಿ ನೀವು ಕೂತು ನಮ್ಮ ಪ್ರಜೆ ಅಂತ ಹೇಳುದು! ನಿಮ್ಮ ಪ್ರಜೆ ಅಂದರೆ ಹೋಗಿ ಕರ್ಕೊಂಡು ಬನ್ನಿ!”

ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಅವಳ ಉಸಿರು ಇಳಿಯುವವರೆಗೆ ಕಾದು, ಮೆಲ್ಲನೆ, “ಅಮ್ಮಾ, ನೀವು ಎಲ್ಲಿಯವರು?” ಎಂದು ಕೇಳಿದ.

“ಮಂಗಳೂರಿನ ಹತ್ತಿರ, ಸುಳ್ಯ,” ಎಂದಳು ರಾಮಾಯಿ.

“ಕರ್ನಾಟಕವೇ? ಹಾಗಾದರೆ ಇಲ್ಲಿ ಕೇಳಿ ಪ್ರಯೋಜನವಿಲ್ಲ. ನಿಮ್ಮ ಊರಿಗೆ ಹೋಗಿ ಅಲ್ಲಿಯ ಆಫೀಸಿನಲ್ಲಿ ವಿಚಾರಿಸಿ.”

ನಿಮ್ಮ ಊರು ಎಂದು ಅವಳಿಗೆ ಅಷ್ಟು ವರ್ಷದಲ್ಲಿ ಯಾವ ಸರ್ಕಾರದವನೂ ಹೇಳಿರಲಿಲ್ಲ. ಹೇಳಿದವನೊಬ್ಬ ಸಿಕ್ಕಿದ, ಅವನೂ ಅವಳನ್ನು ಬಾಗಿಲಿನಿಂದ ಹೊರಗೆ ಕಳಿಸುವುದಕ್ಕಾಗಿ ಹೇಳಿದ. ರಾಮಾಯಿ ಹೊರಗೆ ಬಂದು ಮಂಗಳೂರಿನ ಕಡೆಗೆ ಹೋಗುವ ರೈಲು ಯಾವಾಗ ಎಂದು ವಿಚಾರಿಸಿದಳು. ಲೆಚ್ಚುಮಿ ಸಮುದ್ರದ ಆಚೆ ದಡದಲ್ಲಿ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದಳು. ಅವಳೂ ಈಗ ಈ ದೇಶದವಳೇ.